ಆಯಿಯ ಹೆಸರಿನ ಸಂಖ್ಯೆಗಳು

ಮೊನ್ನೆ ಮಗಳು ಲ್ಯಾಪ್‌ಟಾಪಿನ ಮುಂದೆ ಕುಳಿತು, “ಅಪ್ಪಾ, ಕಂಪ್ಯೂಟರಲ್ಲಿ ‘ಎ’ ಹೇಳಿದ್ರೆ ಎಷ್ಟು?” ಎಂದಳು. “ಅರವತ್ತೈದು” ಎಂದುಬಿಟ್ಟೆ. ಹೆಂಡತಿಯ ಫೋನ್ ನಂಬರೇ ನೆನಪಿರದವನಿಗೆ ಇದು ಹೇಗೆ ಉಳಿಯಿತು ಎಂದು ಕೇಳುತ್ತೀರಾದರೆ, ನನ್ನ ಅತ್ತಿಗೆಯ ಕಥೆ ಹೇಳಬೇಕು.

ಕಂಪ್ಯೂಟರ್ ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ನಾನೂ ಅತ್ತಿಗೆಯೂ ಸಿದ್ದಾಪುರದಿಂದ ಬಸ್ಸು ಹಿಡಿದು ಶಿರಸಿಯ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆವು. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದಷ್ಟೇ ಭಯಭಕ್ತಿಯಿಂದ ಒಳಗೆ ಹೋಗಬೇಕು. ನಾನು ಏನು ಕಲಿಯುತ್ತೇನೆಂದು ಯಾರೂ ಕೇಳಲಿಲ್ಲ. ಸೊಸೆ ಏನು ಕಲಿಯುತ್ತಾಳೆಂದು ಊರೇ ಕೇಳಿತು. ಕೊನೆಗೆ ನನ್ನ ಆಯಿ, ಅಂದರೆ ಅಮ್ಮ, “ನಾಳೆ ಆನೂ ಬತ್ತೆ. ಅಲ್ಲಿ ಎಂತ ಮಾಡ್ತ್ರಿ ನೋಡವು” ಎಂದಳು. ಅತ್ತಿಗೆಯ ಮುಖ ಸಪ್ಪಗಾಯಿತು. ಕ್ಲಾಸು ಬಿಡಿಸಲಿಕ್ಕೇ ಬರುತ್ತಾಳೆಂದು ಇಬ್ಬರೂ ತಿಳಿದೆವು.

ಆಯಿ ಸೆರಗು ಸರಿಮಾಡಿಕೊಂಡು ಪರದೆಯ ಮುಂದೆ ಕುಳಿತಳು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇಟ್ಟುಕೊಂಡಿದೆ ಎಂದು ಅತ್ತಿಗೆ ವಿವರಿಸಿದಳು. ಆ ಸಂಖ್ಯೆ ತೋರಿಸುವ ‘ಎ.ಎಸ್.ಸಿ.’ ಎಂಬ ಆಜ್ಞೆ ಟೈಪ್ ಮಾಡಿ ಕಂಸದೊಳಗೆ ಇಂಗ್ಲಿಷಿನಲ್ಲಿ ‘ಗಂಗಾ’ ಎಂದು ಆಯಿಯ ಹೆಸರನ್ನೇ ಬರೆದಳು. ಎಪ್ಪತ್ತೊಂದು ಬಂತು.

“ಇದು ಪೂರಾ ಹೆಸರಿಂದಾ?”

“ಅಲ್ಲ ಅತ್ತೆ, ಮೊದಲ್ನೇ ಅಕ್ಷರದ್ದು ಮಾತ್ರ.”

“ಹಂಗಾರೆ ಉಳಿದಿದ್ದು ಎಲ್ಹೋತು?”

ಅದಿನ್ನೂ ನಮಗೆ ಪಾಠವಾಗಿರಲಿಲ್ಲ. ಅತ್ತಿಗೆ ಪುಸ್ತಕ ತಿರುವಿದಳು, ಎರಡು ಸಲ ತಪ್ಪಿದಳು. ಹೆಸರಿನಿಂದ ಒಂದೊಂದೇ ಅಕ್ಷರ ಎತ್ತಿ ಕೊಡುವ ‘ಮಿಡ್’ ಎಂಬುದನ್ನು ಹುಡುಕಿ, ಒಂದೊಂದರ ಸಂಖ್ಯೆಯನ್ನೂ ಕೇಳಿದಳು. ಎಪ್ಪತ್ತೊಂದು, ಅರವತ್ತೈದು, ಎಪ್ಪತ್ತೆಂಟು, ಮತ್ತೆ ಎಪ್ಪತ್ತೊಂದು, ಅರವತ್ತೈದು ಸಾಲಾಗಿ ಇಳಿದವು. ಆಯಿ ಅವನ್ನು ಮಂತ್ರದಂತೆ ಓದಿಕೊಂಡಳು. ವಾಪಸು ಬಸ್ಸಿನಲ್ಲಿ ಅತ್ತಿಗೆಯ ಪಕ್ಕ ಕುಳಿತು ಏನೋ ಮಾತಾಡಿದಳು. ಮನೆಗೆ ಬಂದವಳು ಅತ್ತಿಗೆಗೆ ಹೇಳಿದ್ದಿಷ್ಟು: “ನಾಳೆ ದ್ವಾಸೆ ಆನು ಎರೀತೆ. ನೀ ಬಸ್ಸು ತಪ್ಸಕಳಡ.”

ಅತ್ತಿಗೆ ಈಗ ಯಲ್ಲಾಪುರದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಮಗಳ ಪ್ರಶ್ನೆಯ ನೆಪದಲ್ಲಿ ಫೋನ್ ಮಾಡಿ, ಅವತ್ತು ತನ್ನ ಹೆಸರು ಕಂಡೇ ಆಯಿ ಕರಗಿದಳಲ್ಲವೇ ಎಂದೆ.

“ಅಲ್ಲ ತಮಾ,” ಅತ್ತಿಗೆ ನಕ್ಕಳು. “ಬಸ್ಸಲ್ಲಿ ಅತ್ತೆ ಎಂತ ಕೇಳಿತ್ತು ಗೊತ್ತಿದ್ದಾ? ‘ಐವತ್ತಾದವ್ಕೂ ಕಲಸ್ತ್ವಾ’ ಹೇಳಿ. ಅತ್ತೆ ಕುಶಾಲು ಮಾಡ್ತು ಹೇಳಿ ತಿಳ್ಕಂಡು ಆನು ನೆಗಾಡಿದೆ.”

ಇಷ್ಟು ವರ್ಷ ಆಯಿಯ ಜೊತೆ ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಜಗಲಿಯಲ್ಲಿ ಆಯಿ ಹೂವಿನ ಬತ್ತಿ ಹೊಸೆಯುತ್ತಿದ್ದಳು. ಮಗಳನ್ನು ಕರೆದು, ಲ್ಯಾಪ್‌ಟಾಪನ್ನು ಅಜ್ಜಿಯ ಹತ್ತಿರ ಒಯ್ಯಲು ಹೇಳಿದೆ. ಆಯಿ ಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡಳು.