ಕಾರ್ಡು ಇದೆ, ಸಂಪರ್ಕ ಇಲ್ಲ

ಏನೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಎಲ್ಲ ಗೊತ್ತಿದೆ ಎಂದು ಬೀಗುವವರನ್ನು ಕಂಡರೆ ಮೈ ಉರಿಯುತ್ತದೆ. ಅಂಥವರ ಪೈಕಿ ಮೊದಲನೆಯವನು ನಾನೇ.

ರಾಮನಗರದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಚನ್ನಪಟ್ಟಣದ ಗೊಂಬೆ ಕಾರ್ಖಾನೆಯೊಂದರ ಮಾಲೀಕರು ನನ್ನ ಮಾತು ನಂಬಿ ಕಂಪ್ಯೂಟರಿನಿಂದ ನಡೆಯುವ ಲೇತ್ ತರಿಸಿದ್ದರು. ಹಳೇ ಲ್ಯಾಪ್‌ಟಾಪಿನ ಪಕ್ಕದ ಸಂದಿಗೆ ಒಂದು ಕಾರ್ಡು ತೂರಿಸಿದರೆ ಅದರ ಮೂಲಕವೇ ಲೇತಿಗೆ ಆಜ್ಞೆ ಹೋಗುತ್ತಿತ್ತು. ಮರದ ಧೂಳು ಕೂರಬಾರದೆಂದು ಸಂಜೆ ಕಾರ್ಡು ತೆಗೆದು ಡಬ್ಬಿಯಲ್ಲಿಡುತ್ತಿದ್ದರು. ಕಂಪ್ಯೂಟರ್ ಆರಿಸುವುದೇ ಬೇಡ, ಓಡುತ್ತಿರುವಾಗಲೇ ತೆಗೆಯಬಹುದು, ಹಾಕಬಹುದು ಎಂದು ನಾನು ಜಂಬ ಕೊಚ್ಚಿಕೊಂಡಿದ್ದೆ. ಬೆಳಿಗ್ಗೆ ಚೆನ್ನಾಗಿ ಉಜ್ಜಿ ಹಾಕಿ ಎಂದೂ ಅಪ್ಪಣೆ ಕೊಡಿಸಿದ್ದೆ.

ಎರಡು ತಿಂಗಳಿಗೆ ಕಾರ್ಡು ಮುಷ್ಕರ ಹೂಡಿತು. ಶನಿವಾರದ ಲಾರಿಗೆ ಶಾಲಾ ಮಕ್ಕಳ ಎಣಿಕೆಮಣಿ ಹೋಗಬೇಕು, ಅಷ್ಟರಲ್ಲಿ ಸರಿಯಾಗದಿದ್ದರೆ ಮೆಷಿನ್ನನ್ನು ಮಾರಿದವರಿಗೇ ವಾಪಸ್ ಕಳಿಸುತ್ತೇನೆ ಎಂದರು ಮಾಲೀಕರು. ಅದರ ಜೊತೆಗೆ ಆ ಊರಿನಲ್ಲಿ ನನ್ನ ಮಾನವೂ ಹೋಗುತ್ತಿತ್ತು.

ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ತನ್ನ ದಿನಚರಿಯಲ್ಲಿ ಒಂದು ಸಾಲಿಗೆ ಕಾರ್ಡು ಇದೆ ಎಂದು ಬರೆಯುತ್ತಿತ್ತು, ಮುಂದಿನ ಸಾಲಿಗೆ ಸಂಪರ್ಕ ಇಲ್ಲ ಎನ್ನುತ್ತಿತ್ತು. ಇಂಥ ಎಡಬಿಡಂಗಿ ಕರ್ನಲ್ ಬರೆದವರು ಯಾರಪ್ಪಾ ಎಂದು ಶಾಪ ಹಾಕಿದೆ. ಓಡುತ್ತಿರುವಾಗಲೇ ಕಾರ್ಡು ತೆಗೆದು ಹಾಕುವ ಹಾಟ್‌ಪ್ಲಗ್ ವ್ಯವಸ್ಥೆ ನೋಡಿಕೊಳ್ಳುವ ಮಾಡ್ಯೂಲನ್ನು ತೆಗೆದು ಮತ್ತೆ ಹಾಕಿದೆ. ವಿದ್ಯುತ್ ಉಳಿತಾಯ ನಿಲ್ಲಿಸಿದೆ. ಹಳೇ ಕರ್ನಲ್ ಹಾಕಿ ನೋಡಿದೆ. ಅಂತರ್ಜಾಲದ ಮಹಾಪಂಡಿತರು ಒಬ್ಬರಿಗೊಬ್ಬರು ಬೈದುಕೊಂಡದ್ದನ್ನೆಲ್ಲ ಓದಿದೆ. ಪೂರ್ತಿ ಆರಿಸಿ ಹೊತ್ತಿಸಿದರೂ ಅದೇ ಎರಡು ಸಾಲು. ತಪ್ಪು ಕರ್ನಲಿನದಲ್ಲ ಎಂದು ಅಲ್ಲಿಗೇ ಹೊಳೆಯಬೇಕಿತ್ತು. ನನಗೆಲ್ಲಿ ಹೊಳೆಯಬೇಕು? ಕರ್ನಲ್ ಕೆಟ್ಟಿದೆ ಎಂದು ಅದನ್ನು ಬರೆಯುವವರಿಗೇ ಉದ್ದುದ್ದ ದೂರು ಕಳಿಸಿದೆ.

ಶುಕ್ರವಾರ ಮಾಲೀಕರು ಲಾರಿ ಗೊತ್ತುಮಾಡಲು ಹೋಗಿದ್ದರು. ಗೊಂಬೆಗಳಿಗೆ ಬಣ್ಣದ ಅರಗು ಹಚ್ಚುವ ಹೆಂಗಸೊಬ್ಬರು ಮೂರು ದಿನದಿಂದ ನನ್ನ ಪಾಡು ನೋಡುತ್ತಿದ್ದರು. ಆವತ್ತು ಬಂದು ಕಾರ್ಡನ್ನು ಬೆಳಕಿಗೆ ಹಿಡಿದು, ಅದರ ತುದಿಯ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಉಗುರಿನಿಂದ ಕೆರೆದರು.

"ಅರಗು ಮೆತ್ಕಂಡೈತೆ ಸಾ. ನಮ್ ಮಾಲೀಕ್ರು ದಿನಾ ಬೆಳಿಗ್ಗೆ ತಾಳೆಗರೀಲಿ ಉಜ್ತಾರಲ್ಲ. ನೀವೇ ಹೇಳಿದ್ರಂತೆ."

ಗೊಂಬೆಗೆ ಅರಗು ಹಚ್ಚಿದ ಮೇಲೆ ಹೊಳಪು ಬರಿಸುವುದು ತಾಳೆಗರಿಯಿಂದ. ಆ ಗರಿಯಲ್ಲಿ ಅರಗು ಇದ್ದೇ ಇರುತ್ತದೆ. ಉಜ್ಜಿ ಎಂದರೆ ಆ ಊರಿನಲ್ಲಿ ಬೇರೆ ಯಾವುದರಿಂದ ಉಜ್ಜುತ್ತಾರೆ? ವಿದ್ಯುತ್ತು ಹರಿಯಬೇಕಾದ ಹಲ್ಲುಗಳ ಮೇಲೆ ದಿನಕ್ಕೊಂದು ಪೊರೆ ಕೂತಿತ್ತು. ಕಾರ್ಡು ಇದೆ ಎಂದು ತಿಳಿಸುವ ಹಲ್ಲು ಮಾತ್ರ ಹೇಗೋ ಬಚಾವಾಗಿತ್ತು. ಕರ್ನಲ್ ಪಾಪ, ಎರಡು ಸಾಲೂ ನಿಜವನ್ನೇ ಬರೆದಿತ್ತು.

ಆಕೆ ಬಟ್ಟೆಗೆ ಒಸಿ ಸ್ಪಿರಿಟ್ ಹಾಕಿ ಒರೆಸಿಕೊಟ್ಟರು. ಕಾರ್ಡು ತೂರಿಸಿದ ತಕ್ಷಣ ಲೇತ್ ಎದ್ದು ಕೂತಿತು. ಮಾಲೀಕರು ಬರುವಷ್ಟರಲ್ಲಿ ಅರ್ಧ ಬುಟ್ಟಿ ಮಣಿ ಆಗಿತ್ತು. ಏನಾಗಿತ್ತು ಎಂದು ಕೇಳಿದರು. ಕರ್ನಲ್ ತೊಂದರೆ, ನಿಮಗೆ ಅರ್ಥವಾಗುವುದಿಲ್ಲ ಬಿಡಿ ಎಂದುಬಿಟ್ಟೆ. ಮೂರು ದಿನದ ಜಂಬ ಅಷ್ಟು ಸುಲಭಕ್ಕೆ ಬಾಯಿ ಬಿಡುತ್ತದೆಯೇ?

ಆಕೆ ಕೆಲಸ ನಿಲ್ಲಿಸಿ, ಕೆಂಪು ಅರಗು ಹತ್ತಿದ ಆ ಬಟ್ಟೆಯನ್ನು ನಮ್ಮಿಬ್ಬರ ಮಧ್ಯೆ ಹಿಡಿದರು.

"ಕರ್ನಲ್ಲು ಕೆಂಪಗಿರ್ತದಾ ಸಾ?"