ಸುಜಾತಾ ಹುಡುಕಿದ ತಪ್ಪು

ಸುಜಾತಾ, ಅವತ್ತು ಪರೀಕ್ಷಕರ ಮುಂದೆ ನಾನು ಸುಳ್ಳು ಹೇಳಿದೆ. ನಿನ್ನ ಪ್ರಾಜೆಕ್ಟಿನಲ್ಲಿ ತಪ್ಪಿರಲಿಲ್ಲ.

ಆ ದಿನ ಏನೇನು ಕೆಡಬಹುದೆಂದು ಮೊದಲೇ ಪಟ್ಟಿ ಮಾಡಿಕೊಂಡಿದ್ದೆ — ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಕರೆಂಟು ಹೋಗಬಹುದು. ಹೋದರೆ ಜನರೇಟರಿನಲ್ಲಿ ಡೀಸೆಲ್ ಇಲ್ಲದಿರಬಹುದು. ಇಲಿ ವೈರು ಕಡಿದಿರಬಹುದು. ಪಾಲಬಾವಿಯಿಂದ ನೀನು ಬರುವ ಬಸ್ಸು ಕೈಕೊಡಬಹುದು. ಕ್ಯಾಂಟೀನಿನ ಉಪ್ಪಿಟ್ಟು ತಿಂದು ಪರೀಕ್ಷಕರ ಹೊಟ್ಟೆಯೇ ಕೆಡಬಹುದು. ಒಂದೂ ಆಗಲಿಲ್ಲ. ಬಸ್ಸು ಕೂಡ ಹೊತ್ತಿಗೆ ಸರಿಯಾಗಿ ಬಂತು.

ಈಗಿನಂತೆ ಆಗಲೂ ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ. 2011ರಲ್ಲಿ ಹದಿನಾರು ಪ್ರೊಸೆಸರಿನ ಸರ್ವರ್ ಬಂದಿತ್ತು. ಏಕಕಾಲಕ್ಕೆ ಇಂತಿಷ್ಟೇ ಪ್ರೊಸೆಸ್, ಅಂದರೆ ಕೆಲಸ, ನಡೆಯಬೇಕೆಂದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಒಂದು ಮಿತಿ ಇಟ್ಟಿರುತ್ತದೆ. ಮಷೀನು ಶುರುವಾಗುವಾಗಲೇ ಕರ್ನಲ್ ಪ್ರೊಸೆಸರುಗಳನ್ನು ಎಣಿಸಿ, ಅದಕ್ಕೆ ತಕ್ಕಂತೆ ಮಿತಿಯನ್ನು ಏರಿಸಿಕೊಳ್ಳಬೇಕು — ಇದು ನಿನ್ನ ಪ್ರಾಜೆಕ್ಟು. "ಒಬ್ಬರಿಗಂತ ತಂದ ಗಡಿಗ್ಯಾಗ ಹದಿನಾರ ಮಂದಿ ಅಡಗಿ ಹೆಂಗಾಗತೈತ್ರಿ ಸರ್?" ಎಂದು ನೀನು ಕೇಳಿದ್ದೆ. ಹಿಂದಿನ ದಿನ ನನ್ನ ಕಣ್ಣೆದುರೇ ನಡೆಸಿಯೂ ತೋರಿಸಿದ್ದೆ. ಯಾರ ಪ್ರಾಜೆಕ್ಟು ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಅವರಿಗೆ ಲ್ಯಾಬಿನಲ್ಲೇ ನೌಕರಿ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಹೊಲದ ಕೂಲಿಯಲ್ಲಿ ಬೆಳೆದ ನಿಮ್ಮ ಮನೆಗೆ ಅದು ಮೊದಲ ಪಗಾರ ಆಗುತ್ತಿತ್ತು.

ಅದು ಚೆನ್ನಾಗಿ ನಡೆದದ್ದೇ ನನಗೆ ಭಯ ಹುಟ್ಟಿಸಿತು. ಮಿತಿ ಏರಿದ ಮೇಲೆ ಯಾರಾದರೂ ಅಡ್ಡಾದಿಡ್ಡಿ ಪ್ರೋಗ್ರಾಂ ಬಿಟ್ಟರೆ — ಹಳೆಯ ಮಷೀನು ಹಾಗೆ ಒಮ್ಮೆ ನಿಂತುಹೋಗಿ ನಾನು ಬೈಸಿಕೊಂಡಿದ್ದೆ. ಅಂದಿನಿಂದ, ಹೊಸ ಗಾಡಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಹಾಗೆ, ಪ್ರತಿ ಮಷೀನು ಶುರುವಾಗುವಾಗ ಓಡುವ ಫೈಲಿನಲ್ಲಿ ಒಂದು ಸಾಲು ಸೇರಿಸುತ್ತಿದ್ದೆ: ಮಿತಿ ಹಳೆಯದೇ ಇರಲಿ ಎಂಬ ಸಾಲು. ಪರೀಕ್ಷೆಯ ದಿನ ಬೆಳಿಗ್ಗೆ ಈ ಸರ್ವರಿಗೂ ಆ ಸಾಲು ಕಟ್ಟಿದೆ. ಕರ್ನಲ್ ಎಣಿಕೆ ಮುಗಿಸಿದ ಮೇಲೆ ಆ ಫೈಲು ಓಡುತ್ತದೆ, ನೀನು ಏರಿಸಿದ್ದನ್ನು ಇಳಿಸಿಬಿಡುತ್ತದೆ — ಇದು ಆಗ ತಲೆಗೆ ಬರಲಿಲ್ಲ.

ಪರೀಕ್ಷಕರೆದುರು ನೀನು ಮಷೀನು ಶುರು ಮಾಡಿದೆ. ಪರದೆಯ ಮೇಲೆ ಹಳೆಯ ಮಿತಿಯೇ ಬಂತು. ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಅದೇ. ಆಗ ನನಗೆ ಹೊಳೆಯಿತು, ಸುಜಾತಾ. ಬಾಯಿ ಬಿಡಲು ಸಾಕಷ್ಟು ಸಮಯವೂ ಇತ್ತು. ಪರೀಕ್ಷಕರು ನನ್ನತ್ತ ತಿರುಗಿದರು.

"ಮಷೀನದಾಗ ನೀವೇನರ ಮುಟ್ಟೀರೇನ್ರಿ?"

"ಇಲ್ರಿ ಸರ್. ಮಷೀನ್ ಬರೋಬರಿ ಐತ್ರಿ."

ನೀನು ನನ್ನ ಮುಖ ನೋಡಿದೆ. ಅನುಮಾನದಿಂದಲ್ಲ — ನಂಬಿಕೆಯಿಂದ. ಸರ್ ಹೇಳಿದ ಮೇಲೆ ತಪ್ಪು ನಿನ್ನದೇ ಇರಬೇಕೆಂದು ತಲೆ ತಗ್ಗಿಸಿದೆ. ಸಂಜೆ ನಾನು ಆ ಸಾಲನ್ನು ಅಳಿಸಿದೆ. ನೌಕರಿ ಬೇರೆಯವರಿಗೆ ಹೋಯಿತು.

ಹೋದ ತಿಂಗಳು ರಾಯಬಾಗದ ಬಸ್‌ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಚಹಾ ಕುಡಿಸಿದೆ. ಐನಾಪುರದ ಅರಿವೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ ಎಂದೆ. ನಾನೇನೂ ಕೇಳದಿದ್ದರೂ, ನೀನೇ ನಗುತ್ತ ಅಂದೆ: "ಆ ತಪ್ಪ ಎರಡ ವರ್ಷ ಹುಡಿಕೀನ್ರಿ ಸರ್. ಸಿಗಲಿಲ್ಲ. ಅಷ್ಟೂ ತಿಳೀಲಿಲ್ಲಂದ್ರ ಇದು ನನ್ನ ಕೆಲಸಲ್ಲ ಅಂತ ಬಿಟ್ಟಬಿಟ್ಟೆ."

ಆಗಲೂ ನಾನು ಹೇಳಲಿಲ್ಲ. ಚಹಾ ಆರಿಸಿಕೊಂಡು ಕುಡಿದೆ.

ಈ ಕಾಗದದ ಒಂದು ಪ್ರತಿ ಪ್ರಿನ್ಸಿಪಾಲರಿಗೂ ಕೊಟ್ಟಿದ್ದೇನೆ. ಅವರು ನನ್ನನ್ನು ತೆಗೆದುಹಾಕಬಹುದು, ಊರು ನಗಬಹುದು, ನೀನು ಇದನ್ನು ಅರ್ಧಕ್ಕೇ ಹರಿದು ಒಗೆಯಬಹುದು — ನೋಡು, ಪಟ್ಟಿ ಮತ್ತೆ ಶುರುವಾಯಿತು.

ನೀನು ಎರಡು ವರ್ಷ ಹುಡುಕಿದ್ದು ಒಂದೇ ಒಂದು ಸಾಲು. ಬರೆದವನೂ ನಾನು, ಅಳಿಸಿದವನೂ ನಾನು.