ನಮ್ಮ ತಗಡು ಹಾಡುತ್ತಿತ್ತು

ನಿನ್ನೆ ಕಲಂಗುಟ್‌ನ ಹೋಟೆಲೊಂದರಲ್ಲಿ ಹಳೆ ಗೇಟು ಬಿಚ್ಚಲು ಹೋಗಿದ್ದೆ. ತುಕ್ಕು ಹಿಡಿದ ಬೋಲ್ಟಿನ ಮೇಲೆ ಸೀಮೆಎಣ್ಣೆ ಸುರಿದೆ. ಆ ತುಕ್ಕು ಕಂಡು ರೇಡಿಯೋ ಕಾಕಾ ನೆನಪಾದರು...

ಮ್ಹಾಪಸಾದಲ್ಲಿ ವಿಜಯಪುರ ಕಡೆಯ ನಾವು ಕೆಲವು ಮನೆಯವರು ಒಂದೇ ತಗಡಿನ ಸಾಲಿನಲ್ಲಿ ಬಾಡಿಗೆಗಿದ್ದೆವು. ಪಕ್ಕದ ಹೆಂಚಿನ ಮನೆ ಕಾಕಾ ಅವರದು. ಧಾರವಾಡದವರು, ಹಡಗಿನಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾದವರು. ಲೈಸೆನ್ಸ್ ಪಡೆದು ಮನೆಯಲ್ಲೇ ಹ್ಯಾಮ್ ರೇಡಿಯೋ ಇಟ್ಟುಕೊಂಡಿದ್ದರು. ದಿನಾ ಬೆಳಿಗ್ಗೆ ಅದರಲ್ಲಿ ಹಡಗಿನ ಕಾಲದ ಗೆಳೆಯನ ಜೊತೆ ಮಾತು. ಗೆಳೆಯ ದೂರದ ಊರಿನಲ್ಲಿ ಕಾಯಿಲೆ ಬಿದ್ದಿದ್ದ, ದನಿ ಸಣ್ಣದು. ಆ ದನಿಯ ಮೇಲೆ ಹತ್ತಿರದ ರೇಡಿಯೋ ಸ್ಟೇಷನ್ನಿನ ಹಾಡು ಬಂದು ಕೂರುತ್ತಿತ್ತು. ಅದು ರೇಡಿಯೋ ಅಲೆಯಲ್ಲಿ ಹ್ಯಾಮ್‌ನವರಿಗೆ ಬಿಟ್ಟ ಜಾಗ, ಹಾಡು ಅಲ್ಲಿ ಬರಲೇಬಾರದು. ಸ್ಟೇಷನ್ನಿನವರನ್ನು ಕೇಳಿದರೆ ನಮ್ಮದು ಸರಿಯಿದೆ ಎಂದರಂತೆ.

ಮಳೆ ಸುರಿದಾಗ ಮಾತ್ರ ಹಾಡು ನಿಲ್ಲುತ್ತಿತ್ತು. ಕಾಕಾಗೆ ಅದರಿಂದಲೇ, ಮಳೆಗೆ ನೆನೆಯುವ ಹತ್ತಿರದ ಯಾವುದೋ ಕಬ್ಬಿಣದ ಮೇಲೆ ಅನುಮಾನ ಬಂದದ್ದು. ಒಂದು ಭಾನುವಾರ ಸಣ್ಣ ರೇಡಿಯೋ ಕೈಯಲ್ಲಿ ಹಿಡಿದು, ಅತ್ತಿತ್ತ ತಿರುಗಿಸುತ್ತ ನಮ್ಮ ಸಾಲಿಗೆ ಬಂದರು. ನಮ್ಮ ಬಾಗಿಲ ಮುಂದೆ ಹಾಡು ಜೋರಾಯಿತು.

‘ಏನ್ರಿ ಕಾಕಾ, ನಮ್ಮ ತಗಡು ಹಾಡಾಕತ್ತೈತೇನ್ರಿ?’ ಎಂದು ನನ್ನ ಹೆಂಡತಿ ನಕ್ಕಳು.

‘ಖರೇನ ಹಾಡಾಕತ್ತದ ನೋಡವಾ. ತಮ್ಮಾ, ಒಂದ್ ಕೋಲು ತಗೊಂಡು ಮ್ಯಾಲ ಬಡಿ.’

ಬಡಿದೆ. ಹಾಡು ಕಡಿದುಹೋಯಿತು, ಮತ್ತೆ ಬಂತು. ಎರಡು ತಗಡು ಕೂಡುವಲ್ಲಿ ತುಕ್ಕು ಹಿಡಿದರೆ, ಅದು ಸ್ಟೇಷನ್ನಿನ ಅಲೆಯನ್ನು ಹಿಡಿದು ಬೇರೆ ಜಾಗಕ್ಕೆ ಎಸೆಯುತ್ತದಂತೆ.

‘ಇಷ್ಟ ಏನ್ರಿ? ಇವತ್ತ ಸೂಟಿ ಐತಿ, ತುಕ್ಕ ಕೆರದು ಬಿಗಿ ಮಾಡಿಬಿಡ್ತೇನಿ.’

‘ಮಾಲಕನ್ನ ಕೇಳದ ಮುಟ್ಟಬಾರದು ತಮ್ಮಾ. ನಾ ಹೇಳಿ ಬರ್ತೀನಿ.’

ಕಾಕಾ ಎಲ್ಲವನ್ನೂ ಕಾಯಿದೆ ಪ್ರಕಾರ ಮಾಡುವವರು. ಬೇಗ ರಿಪೇರಿಯಾಗಲಿ ಎಂದು, ಈ ತಗಡಿನ ಮೇಲೆ ಸರಕಾರಕ್ಕೆ ದೂರು ಹೋಗಬಹುದು ಎಂದೂ ಮಾಲೀಕನನ್ನು ಹೆದರಿಸಿ ಬಂದರು. ಮಾಲೀಕನಿಗೆ ಅಲ್ಲಿ ಟೂರಿಸ್ಟ್ ರೂಮು ಕಟ್ಟುವ ಆಸೆ ಮೊದಲಿನಿಂದಲೂ ಇತ್ತು, ನೆಪ ಸಿಕ್ಕಿರಲಿಲ್ಲ. ಅದೇ ವಾರ ಆಳುಗಳನ್ನು ಕರೆತಂದು ತಗಡು ಕೀಳಿಸಿದ. ನಿಮ್ಮ ಕಾಕಾ ದೂರು ಕೊಟ್ಟರೆ ನಾನೇನು ಮಾಡಲಿ ಎಂದ.

ಕಾಕಾ ಓಡಿ ಬಂದು ಅವನ ಕೈ ಹಿಡಿದು ಬೇಡಿಕೊಂಡರು. ಅವನು ಕೇಳಲಿಲ್ಲ. ನಾವು ಪಾತ್ರೆ, ಹಾಸಿಗೆ ಟೆಂಪೋಕ್ಕೆ ಏರಿಸುವಾಗ ತಮ್ಮ ಮನೆಯ ಗೇಟಿನಲ್ಲಿ ನಿಂತಿದ್ದರು.

‘ಈಗರ ಚಲೋ ಕೇಳಸ್ತೈತೇನ್ರಿ ಕಾಕಾ?’ ಎಂದು ಹೆಂಡತಿ ಕೇಳಿದಳು.

ಅವರು ಗೇಟಿನ ಚಿಲಕ ಹಾಕಿ ತೆಗೆದರು. ಆಮೇಲೆ, ‘ಸ್ವಚ್ಛ ಕೇಳಸ್ತದವಾ’ ಎಂದರು.

ಸುಳ್ಳು ಬಾರದ ಮನುಷ್ಯ... ಆ ಒಂದು ಮಾತಿಗೆ ನಾವು ಮತ್ತೆ ಅವರ ಮನೆ ಕಡೆ ಹೋಗಲಿಲ್ಲ. ಅವರು ತೀರಿಕೊಂಡದ್ದೂ ತಡವಾಗಿ ತಿಳಿಯಿತು. ಮಾಲೀಕನ ಮುಖ ನನಗೆ ಮರೆತೇಹೋಗಿದೆ. ಸಿಟ್ಟು ಬಂದರೆ ಕಾಕಾ ಅವರ ಮುಖವೇ ಎದುರು ಬರುತ್ತದೆ. ಅದು ತಪ್ಪು ಎಂದು ಗೊತ್ತು.

ನಿನ್ನೆ ಊಟಕ್ಕೆ ಕೂತಾಗ ಅವರ ಮಾತು ತೆಗೆದೆ.

‘ಪಾಪ ಅನ್ನಬೇಕ್ರಿ ಅವರಿಗೆ’ ಎಂದಳು ಹೆಂಡತಿ.

‘ಹಂಗಾರ ಅನ್ನು’ ಎಂದೆ.

ಅವಳು ಅನ್ನಲಿಲ್ಲ. ನಾನೂ ಅನ್ನಲಿಲ್ಲ.